ಇಬ್ಬರು ಅಳಿಯಂದಿರು

‘ಅಳಿಯ ವಾಪಸ್ ಬಂದಿದಾನಂತೆ’ ಎಂದು ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಹೇಳಿದಾಗ ಅವನು ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದರ ಮೇಲೆ ನೊರೆ ಹೊತ್ತು ಕನ್ನಡಿಯ ಮುಂದೆ ನಿಂತಿದ್ದ. ಒಂದು ಗಳಿಗೆ ಅವಳು ತನ್ನ ಬಗ್ಗೆಯೇ ಹೇಳುತ್ತಿದ್ದಾಳೆ ಅನ್ನಿಸಿತು. ಎಲ್ಲಿಗೋ ಹೋಗಿಬಿಟ್ಟಿದ್ದ ತಾನು, ತನಗೇ ತಿಳಿಯದ ಹಾಗೆ ಬಂದು ಈ ಕನ್ನಡಿಯ ಮುಂದೆ ನಿಂತಿದ್ದೇನೆ ಅನ್ನಿಸಿತು. ಆಮೇಲೆ ಕೈಯಲ್ಲಿದ್ದ ಬ್ಲೇಡು ನಿಂತಿತು. ಕನ್ನಡಿಯಲ್ಲಿ ಅವನ ಹೆಗಲ ಹಿಂದೆ ಕಿಟಕಿ, ಕಿಟಕಿಯಲ್ಲಿ ಒಂದು ಚೂರು ಸಮುದ್ರ. ಇನ್ನೂ ಬಣ್ಣ ಹತ್ತದ, ತೊಳೆದು ಹಿಂಡದೆ ಹರವಿದ ಬಟ್ಟೆಯಂಥ ಬೆಳಗಿನ ಸಮುದ್ರ. ‘ಯಾರು ಹೇಳಿದ್ರು?’ ಎಂದು ಕೇಳಿದ. ‘ದೋಣಿ ಧಕ್ಕೆ ಮೇಲೆಲ್ಲಾ ಅದೇ ಮಾತು. ಬದುಕಿದೆಯಂತೆ. ಬೆನ್ನ ಮೇಲೆ ಮಾತ್ರ ಇಷ್ಟುದ್ದ ಗಾಯ’ ಎಂದು ಅವಳು ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ತೋರಿಸಿದಳು. ಅವಳ ಮುಖ ಅರಳಿತ್ತು. ಅವನ ಮುಖವೂ ಅರಳಬೇಕಾಗಿತ್ತು. ನೊರೆ ಇದ್ದದ್ದು ಒಳ್ಳೆಯದಾಯಿತು. ಅರ್ಧ ಮುಖಕ್ಕಾದರೂ ಆ ಜವಾಬ್ದಾರಿ ತಪ್ಪಿತು.

ಅಳಿಯ ಅಂದರೆ ಡಾಲ್ಫಿನ್. ಹೋದ ವರ್ಷ ಬಿರುಗಾಳಿಯ ದಿನಗಳು ಕಳೆದ ಮೇಲೆ ಅದು ಒಂಟಿಯಾಗಿ ಈ ಕೊಲ್ಲಿಗೆ ಬಂದಿತ್ತು. ಹಿಂಡಿನಲ್ಲಿ ಬಾಳುವ ಜೀವ. ತನ್ನವರನ್ನು ಇದೇ ಬಿಟ್ಟು ಬಂತೋ, ಅವರೇ ಇದನ್ನು ಬಿಟ್ಟರೋ ಯಾರಿಗೂ ಗೊತ್ತಿರಲಿಲ್ಲ. ಬಂದದ್ದು ಹೋಗಲಿಲ್ಲ. ಲಂಗರು ಹಾಕಿದ ದೋಣಿಗಳ ಹಗ್ಗಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಿತ್ತು. ಬಲೆ ಎಳೆಯುವಾಗ ಪಕ್ಕದಲ್ಲಿ ಅರ್ಧ ಎದ್ದು ನಿಂತು, ಮೇಸ್ತ್ರಿ ಕೆಲಸ ನೋಡುವ ಹಾಗೆ ನೋಡುತ್ತಿತ್ತು. ನೀರಿಗಿಳಿಸಿದ ಹುಟ್ಟಿನ ತುದಿಯನ್ನು ಮೂತಿಯಿಂದ ದೂಡಿ ದೂಡಿ ಹುಟ್ಟು ಹಾಕುವವನ ತಾಳ ತಪ್ಪಿಸುತ್ತಿತ್ತು. ಮೂವತ್ತು ವರ್ಷ ಮೀನನ್ನು ಕೊಂದು ಬದುಕಿದ ಗಂಡಸರು ಅದರ ಮುಂದೆ ಬಗ್ಗಿ ಕೂತು, ಮನೆಯಲ್ಲಿ ಯಾರಿಗೂ ಆಡದ ಮಾತು ಆಡುತ್ತಿದ್ದರು. ಹೆಂಡತಿ ತೀರಿಕೊಂಡು ಆರು ತಿಂಗಳು ಬಾಯಿ ಬಿಡದಿದ್ದ ಒಬ್ಬ, ದೋಣಿಯ ಅಂಚಿಗೆ ಗಲ್ಲ ಆನಿಸಿ ಅದಕ್ಕೆ ಏನೇನೋ ಹೇಳುತ್ತಿದ್ದುದನ್ನು ಎಲ್ಲರೂ ಕಂಡಿದ್ದರು, ಕಂಡು ಸುಮ್ಮನೆ ದೋಣಿ ತಿರುಗಿಸಿಕೊಂಡು ಹೋಗಿದ್ದರು. ಕರೆಯದೆ ಬಂದು, ತಿಂದುಂಡು, ಹೊರಡುವ ಮಾತೇ ಎತ್ತದ ಈ ಪ್ರಾಣಿಗೆ ‘ಅಳಿಯ’ ಎಂದು ಹೆಸರಿಟ್ಟವನು ಧಕ್ಕೆಯ ಮೇಲೆ ಮೀನು ಹರಾಜು ಕೂಗುವವನು. ಅವನ ದನಿಯ ಜೋರಿಗೆ ಊರೆಲ್ಲ ಅವನನ್ನು ಗಂಟಲು ಎಂದೇ ಕರೆಯುತ್ತಿತ್ತು. ಹೆಸರಿಡುವಾಗ ಗಂಟಲು ಇವನ ಕಡೆ ನೋಡಿ ಹುಬ್ಬು ಹಾರಿಸಿದ್ದ, ಉಳಿದವರು ನಕ್ಕಿದ್ದರು, ಇವನೂ ನಕ್ಕಿದ್ದ. ನಗದೆ ಏನು ಮಾಡುವುದು? ದೂರದ ಒಳನಾಡಿನಿಂದ ಎಂಜಿನ್ ರಿಪೇರಿಗೆಂದು ಬಂದು, ದೋಣಿಯ ಯಜಮಾನನ ಮಗಳನ್ನು ಮದುವೆಯಾಗಿ, ಒಂಬತ್ತು ವರ್ಷದಿಂದ ಮಾವನ ಮನೆಯಲ್ಲಿ ಮಾವನ ದೋಣಿ ನಡೆಸಿಕೊಂಡು ಇದ್ದವನು. ಅಂದಿನಿಂದ ಬೀದಿಯಲ್ಲಿ ಯಾರಾದರೂ ‘ಅಳಿಯ ಇವತ್ತು ಕಾಣ್ಲಿಲ್ಲ’ ಅಂದರೆ ಅವನ ಕತ್ತು ತಾನಾಗಿ ತಿರುಗುತ್ತಿತ್ತು, ತಿರುಗಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಇನ್ನೊಂದು ಕೆನ್ನೆ ಬೋಳಿಸಿ ಹೊರಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದ. ಬಲೆಯ ಕಣ್ಣುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ಹರಿದದ್ದನ್ನು ಹುಡುಕುತ್ತಿದ್ದ. ಅವನ ಎರಡೂ ಕಣ್ಣಲ್ಲಿ ಪೊರೆ ಬೆಳೆದು ನಾಲ್ಕು ವರ್ಷವಾಗಿತ್ತು. ಬೆಳಕು ಕಾಣುತ್ತಿತ್ತು, ಬೆಳಕಿನೊಳಗೆ ಇರುವುದು ಕಾಣುತ್ತಿರಲಿಲ್ಲ. ಆದರೂ ದಿನಾ ದೋಣಿಯ ಮುಂದಿನ ತುದಿಯಲ್ಲಿ ಕೂರಲೇಬೇಕು. ‘ನಿನ್ನ ಗಂಡಂಗೆ ಹೇಳು, ಇವತ್ತು ಬೇಗ ಹೊರಡೋಣ’ ಎಂದು ಮಗಳಿಗೆ ಹೇಳಿದ. ಗಂಡ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ‘ಅಪ್ಪ ಬೇಗ ಹೊರಡೋಣ ಅಂತಿದಾರೆ’ ಎಂದು ಅವಳು ನಗುತ್ತ ದಾಟಿಸಿದಳು. ಮಾವನದು ಸಿಟ್ಟಲ್ಲ, ದ್ವೇಷವಲ್ಲ. ಮೊದಲ ದಿನ ಬಿದ್ದುಹೋದ ರೂಢಿ. ದೋಣಿಯಲ್ಲಿ ದಾಟಿಸಲು ಮಗಳಿಲ್ಲದಿದ್ದರೆ ಮಾವ ಗಾಳಿಗೆ ಹೇಳುತ್ತಿದ್ದ: ಗಾಳಿ ತಿರುಗ್ತು, ನೀರು ಭಾರ ಆಗ್ತಿದೆ, ಇನ್ನು ಎಳೀಬಹುದು. ಗಾಳಿಗೆ ಹೇಳಿದ್ದನ್ನು ಅವನು ಕೇಳಿಸಿಕೊಂಡು ಮಾಡುತ್ತಿದ್ದ. ಹೀಗೂ ಒಂದು ಸಂಸಾರ ನಡೆಯುತ್ತದೆ.

ಇಳಿಜಾರು ಬೀದಿಯಲ್ಲಿ ಮಾವನ ಊರುಗೋಲಿನ ಸದ್ದಿನ ಹಿಂದೆ ಪೆಟ್ರೋಲ್ ಡಬ್ಬ ಹಿಡಿದು ಇಳಿಯುವಾಗ ಬಿಸಿಲು ಗೋಡೆಗಳ ಮೇಲ್ಭಾಗಕ್ಕೆ ಮಾತ್ರ ಹತ್ತಿತ್ತು. ಮೂರು ವಾರದ ಹಿಂದೆ, ಅವತ್ತೂ ಬಿಸಿಲು ಹೀಗೇ ಇತ್ತು, ನೀರಿನ ಮೇಲೆ ಎಣ್ಣೆ ಸವರಿದ ಹಾಗೆ. ಅಲೆ ಇರಲಿಲ್ಲ. ದೋಣಿಗಳು ಹತ್ತಿರ ಹತ್ತಿರ ನಿಂತಿದ್ದವು, ಅಂಥ ದಿನ ಒಬ್ಬರ ಮಾತು ಇನ್ನೊಬ್ಬರಿಗೆ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಹರಾಜಿಲ್ಲದ ದಿನಗಳಲ್ಲಿ ಗಂಟಲೂ ತಮ್ಮನ ದೋಣಿಯಲ್ಲಿ ಬರುತ್ತಿದ್ದ. ಡಾಲ್ಫಿನ್ ಮಾವನ ದೋಣಿಯ ಪಕ್ಕದಲ್ಲೇ ಅಂಗಾತ ಮಲಗಿ ತನ್ನ ಬಿಳಿ ಹೊಟ್ಟೆಯನ್ನು ಆಕಾಶಕ್ಕೆ ಒಡ್ಡಿತ್ತು. ‘ಏನ್ ಯಜಮಾನ್ರೇ, ಒಂದೇ ಮನೇಗೆ ಇಬ್ಬರು ಅಳಿಯಂದಿರು. ಉಪಚಾರ ಯಾರಿಗೆ ಜಾಸ್ತಿ?’ ಎಂದು ಗಂಟಲು ಕೂಗಿದ. ಆಗ ಮಾವ ನಕ್ಕ. ಒಂಬತ್ತು ವರ್ಷದಲ್ಲಿ ಅವನು ಕೇಳದ ನಗು ಅದು, ಹೊಟ್ಟೆಯಿಂದ ಎದ್ದು ಬಂದದ್ದು. ನಕ್ಕು, ನೀರಿಗೆ ಕೈ ಇಳಿಬಿಟ್ಟು, ತಡಕಾಡಿ, ಆ ನುಣುಪು ಹೊಟ್ಟೆಯನ್ನು ಸವರುತ್ತ, ‘ಬಾ ಮಗನೇ, ಬಾ’ ಅಂದ. ಅಷ್ಟೇ. ಅದರಲ್ಲಿ ಇನ್ನೇನೂ ಇರಲಿಲ್ಲ. ಪ್ರಾಣಿ ಮಗುಚಿ, ದೋಣಿಯ ಅಡಿಯಲ್ಲಿ ನುಸುಳಿ, ಅವನು ಕೂತಿದ್ದ ಹಿಂತುದಿಯ ಕಡೆಗೆ ಬಂತು. ನೀರಿನೊಳಗೆ ಒಂದು ಬೂದು ನೆರಳು ಬೆಳೆಯುವುದನ್ನು ಅವನು ನೋಡಿದ. ಅದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಕೈಯಲ್ಲಿ ಎಂಜಿನ್ ಶುರು ಮಾಡುವ ಹಗ್ಗವಿತ್ತು. ಒಂದು ಉಸಿರಿನಷ್ಟು ಹೊತ್ತು, ಎಳೆಯದಿರಲು ಬೇಕಾದಷ್ಟು ಹೊತ್ತು, ಅವನಿಗಿತ್ತು. ಅವನು ಎಳೆದ.

ಹಿಡಿಯ ಮೂಲಕ ಅಂಗೈಗೆ ಬಂದದ್ದು ಮೆತ್ತನೆಯ ಒಂದು ಬಡಿತ. ಆಮೇಲೆ ನೀರು ಕದಡಿತು, ಎಂಜಿನ್ನಿನ ಹೊಗೆ ಮುಖಕ್ಕೆ ಬಡಿಯಿತು, ಗಂಟಲು ಇರುವ ದೋಣಿ ಹಿಂದೆ ಉಳಿಯಿತು. ಮಾವ ಮುಂದೆ ನೋಡುತ್ತಲೇ, ಗಾಳಿಗೆ ಹೇಳುವ ಹಾಗೆ, ‘ಏನೋ ತಗಲ್ತು’ ಎಂದ. ‘ಮರದ ತುಂಡು’ ಎಂದು ಅವನು ಹೇಳಿದ. ‘ಹೂಂ’ ಎಂದ ಮಾವ. ಆ ಹೂಂ ಈಗ ಇಪ್ಪತ್ತೆರಡು ದಿನದಿಂದ ಮನೆಯಲ್ಲೇ ವಾಸವಾಗಿತ್ತು. ಕೈ ತೊಳೆಯುವಾಗ ತೊಟ್ಟಿಯ ಹತ್ತಿರ ಇರುತ್ತಿತ್ತು, ಊಟಕ್ಕೆ ಕೂತಾಗ ತಟ್ಟೆಯ ಆಚೆ ಬದಿಗೆ ಬಂದು ಕೂರುತ್ತಿತ್ತು. ನಂಬಿದ ಹೂಂ ಇರಬಹುದು ಎಂದುಕೊಳ್ಳುತ್ತಿದ್ದ. ಮುದುಕರು ಯಾವುದಕ್ಕಾದರೂ ಹೂಂ ಅನ್ನುತ್ತಾರೆ.

ಮಾರನೇ ದಿನ ಅಳಿಯ ನೆತ್ತರು ಬಿಡುತ್ತ ಹೊರಸಮುದ್ರದ ಕಡೆ ಹೋದದ್ದನ್ನು ಯಾರೋ ಕಂಡರು. ಅದಕ್ಕೆ ಮೂರು ದಿನ ಮುಂಚೆ ಕೆಂಪು ದೋಣಿಯವನು ತನ್ನ ಹರಿದ ಬಲೆಯನ್ನು ಧಕ್ಕೆಯ ಮೇಲೆ ಹರವಿ, ‘ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದೀರ. ಒಂದಿನ ನಾನು ಬುದ್ಧಿ ಕಲಿಸ್ತೀನಿ ಅದಕ್ಕೆ’ ಎಂದು ಎಲ್ಲರ ಎದುರು ಹೇಳಿದ್ದ. ಅಷ್ಟು ಸಾಕಾಯಿತು. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅವನು ಇಲ್ಲ ಎನ್ನಬಹುದಿತ್ತು. ಅವನು ಬಂದಾಗ ಮಾತು ನಿಲ್ಲುತ್ತಿತ್ತು, ಅವನ ಜೊತೆ ಬಲೆ ಎಳೆಯಲು ಬರುತ್ತಿದ್ದ ಇಬ್ಬರು ಬೆನ್ನುನೋವಿನ ನೆಪ ಹೇಳಿದರು, ಒಂದು ಬೆಳಿಗ್ಗೆ ಅವನ ದೋಣಿ ಕಟ್ಟಿದ ಹಗ್ಗವನ್ನು ಯಾರೋ ಕೊಯ್ದುಬಿಟ್ಟಿದ್ದರಿಂದ ದೋಣಿ ಬಂಡೆಗೆ ಬಡಿದು ಒಂದು ಹಲಗೆ ಸೀಳಿತು. ಬೀದಿಯ ನಲ್ಲಿಯಲ್ಲಿ ಅವನ ಹೆಂಡತಿ ಬಿಂದಿಗೆ ಇಟ್ಟರೆ ಉಳಿದವರು ತಮ್ಮ ತಮ್ಮ ಬಿಂದಿಗೆಗಳನ್ನು ಒಂದಿಷ್ಟು ಆಚೆ ಸರಿಸುತ್ತಿದ್ದರು. ಎಂಜಿನ್ ಹಗ್ಗ ಎಳೆದವನು ಅದನ್ನು ಕಣ್ಣಾರೆ ಕಂಡ. ಅವಳೂ ಅವನನ್ನು ಕಂಡಳು. ಎಲ್ಲರಿಗಿಂತ ಮೆತ್ತಗಿನವನೆಂದೋ ಏನೋ, ಅವನ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂಬಂತೆ ನೋಡಿದಳು. ಅವನು ಚಪ್ಪಲಿಯ ಬಾರು ಸರಿಮಾಡುವವನ ಹಾಗೆ ಬಗ್ಗಿದ. ಬಾರು ಸರಿಯಾಗಿಯೇ ಇತ್ತು. ಎಷ್ಟು ಹೊತ್ತು ಬಗ್ಗಿದ್ದನೆಂದರೆ, ಎದ್ದಾಗ ಬೀದಿ ಖಾಲಿಯಾಗಿತ್ತು, ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

ಕೊಲ್ಲಿಯಲ್ಲಿ ಆಗಲೇ ಹತ್ತು ಹನ್ನೆರಡು ದೋಣಿಗಳು ಇದ್ದವು, ಆದರೆ ಯಾರೂ ಬಲೆ ಬಿಟ್ಟಿರಲಿಲ್ಲ. ಎಲ್ಲರೂ ನೀರು ನೋಡುತ್ತ ಕೂತಿದ್ದರು. ಅವನು ದೂರದಲ್ಲೇ ಎಂಜಿನ್ ಆರಿಸಿ ಹುಟ್ಟು ಹಾಕಿದ. ಮಾವ ಯಾಕೆ ಎಂದು ಕೇಳಲಿಲ್ಲ. ಹುಟ್ಟಿನಿಂದ ಸುರಿಯುವ ಹನಿಗಳ ಸದ್ದು, ಮರಕ್ಕೆ ಮರ ಉಜ್ಜುವ ಸದ್ದು, ಎಲ್ಲೋ ಯಾರೋ ಕೆಮ್ಮಿದ್ದು. ಇವುಗಳ ನಡುವೆ ನಿದ್ದೆಗೂ ಎಚ್ಚರಕ್ಕೂ ಮಧ್ಯೆ ಇರುವ ಒಂದು ತೆರಪು ತೆರೆದುಕೊಂಡಿತು. ಅವನಿಗೆ ಚಿಕ್ಕಂದಿನ ಕೆರೆಯೊಂದು ನೆನಪಾಯಿತು. ಸಮುದ್ರ ನೋಡದ ಊರಿನ ಕೆರೆ, ಅದರಲ್ಲಿ ಅಮ್ಮ ಕಂಬಳಿ ತೊಳೆಯುತ್ತಿದ್ದಾಗ ಕಂಬಳಿ ನೀರಿನಡಿಯಲ್ಲಿ ಜೀವ ಬಂದಂತೆ ಹೊರಳುತ್ತಿದ್ದದ್ದು. ನೆನಪು ಯಾವುದು, ಎದುರಿಗಿರುವುದು ಯಾವುದು ಎಂದು ಬೇರೆ ಮಾಡುವ ಮೊದಲೇ ದೋಣಿಯ ಪಕ್ಕದಲ್ಲಿ ಆ ಬೂದು ಮೈ ಎದ್ದಿತು. ಉಸಿರು ಬಿಟ್ಟಿತು, ಭಾರ ಇಳಿಸಿದ ಹಮಾಲಿ ಬಿಡುವಂಥ ಉಸಿರು. ಅದರ ಹನಿಗಳು ಅವನ ತುಟಿಗೆ ಬಿದ್ದವು. ಮೀನಿನ ವಾಸನೆ, ಬೆಚ್ಚಗೆ.

ಗಾಯ ಮಾಗುತ್ತಿತ್ತು. ಬೆನ್ನಿನ ರೆಕ್ಕೆಯ ಹಿಂದೆ ಐದು ಗೆರೆಗಳು, ಓರೆಯಾಗಿ, ಒಂದೇ ಅಂತರದಲ್ಲಿ, ಬಾಚಣಿಗೆಯಿಂದ ಎಳೆದ ಹಾಗೆ. ಅಂಚುಗಳು ಬೆಳ್ಳಗೆ, ನಡುವೆ ಎಳೆಯ ಚರ್ಮದ ಗುಲಾಬಿ. ಬೇರೆ ಯಾರಿಗಾದರೂ ಅದು ಬರೀ ಗಾಯ. ಅವನಿಗೆ ಅದು ಅಕ್ಷರ. ಮೂರು ರೆಕ್ಕೆಯ ಪ್ರೊಪೆಲರ್, ಚಿಕ್ಕ ಎಂಜಿನ್, ಆಗಷ್ಟೇ ಶುರುವಾಗಿ ಇನ್ನೂ ವೇಗ ಹಿಡಿಯದ್ದು. ಕೆಂಪು ದೋಣಿಯದು ದೊಡ್ಡ ಡೀಸೆಲ್ ಎಂಜಿನ್, ನಾಲ್ಕು ರೆಕ್ಕೆ, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಅದು ತಗಲಿದ್ದರೆ ಗೆರೆಗಳು ಉಳಿಯುತ್ತಿರಲಿಲ್ಲ, ಡಾಲ್ಫಿನ್ನೂ ಉಳಿಯುತ್ತಿರಲಿಲ್ಲ. ಈ ಧಕ್ಕೆಯ ಪ್ರತಿಯೊಂದು ಎಂಜಿನ್ನನ್ನೂ ಅವನು ಬಿಚ್ಚಿ ಕಟ್ಟಿದ್ದ. ಇದನ್ನು ಓದಬಲ್ಲವನು ಊರಲ್ಲಿ ಅವನೊಬ್ಬನೇ, ಬರೆದವನೂ ಅವನೇ.

ಅದು ಅವನನ್ನು ನೋಡಿತು. ಪಕ್ಕಕ್ಕೆ ವಾಲಿ, ಒಂದು ಕಣ್ಣಿನಿಂದ. ಅವನು ಆ ಕಣ್ಣಲ್ಲಿ ಏನಾದರೂ ಇರಲಿ ಎಂದು ಬೇಡಿಕೊಂಡ. ಹೆದರಿಕೆ ಇರಲಿ, ಗುರುತಾದರೂ ಇರಲಿ. ಅದು ದೋಣಿಯ ಹಿಂದಕ್ಕೆ ತೇಲಿ ಹೋಯಿತು, ಅಲ್ಲಿ ನೀರಿನಲ್ಲಿ ಸುಮ್ಮನೆ ನಿಂತಿದ್ದ ಪ್ರೊಪೆಲರ್ ಹತ್ತಿರ. ಅದು ಮೂತಿಯಿಂದ ಒಂದು ರೆಕ್ಕೆಯನ್ನು ಮುಟ್ಟಿತು. ಮೆಲ್ಲಗೆ ದೂಡಿತು. ಪ್ರೊಪೆಲರ್ ಒಂದು ಸುತ್ತು ತಿರುಗಿ ನಿಂತಿತು. ಅದು ಮತ್ತೆ ದೂಡಿತು, ಮತ್ತೆ ತಿರುಗಿತು. ಆಟ. ಅಷ್ಟು ದಿನ ಹೊರಸಮುದ್ರದಲ್ಲಿ ಒಬ್ಬಂಟಿಯಾಗಿ ಗಾಯ ಮಾಗಿಸಿಕೊಂಡು ಬಂದು ಅದು ಆಟವಾಡುತ್ತಿತ್ತು. ಮರೆತಿತ್ತೋ, ಮರೆಯದೆಯೂ ಬಂದಿತ್ತೋ, ಅವನಿಗೆ ಗೊತ್ತಾಗುವಂತಿರಲಿಲ್ಲ. ಕೈ ಚಾಚಿದರೆ ಆ ಗೆರೆಗಳು ಸಿಗುತ್ತಿದ್ದವು. ಚಾಚಲಾಗಲಿಲ್ಲ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ‘ಅವತ್ತು ತಗಲಿದ್ದು ಮರ ಅಲ್ಲ’ ಎಂದು ತನ್ನ ದನಿ ಹೇಳುವುದು ಕೇಳಿಸಿತು.

ಮಾವನ ಬೆನ್ನು ಅಲುಗಲಿಲ್ಲ. ‘ಗಾಳಿ ತಿರುಗ್ತಿದೆ. ದಡಕ್ಕೆ ಹೋಗೋಣ’ ಎಂದ. ಗಾಳಿ ಎಲ್ಲೂ ತಿರುಗಿರಲಿಲ್ಲ.

ಧಕ್ಕೆಯ ಮೇಲೆ ಹಬ್ಬದ ಗಲಾಟೆ. ದಡಕ್ಕೆ ಬಂದವರೆಲ್ಲ ತಾವು ಎಲ್ಲಿ ಕಂಡದ್ದು, ತಮ್ಮನ್ನು ಅದು ಹೇಗೆ ನೋಡಿತು ಎಂದು ಒಬ್ಬರ ಮಾತಿನ ಮೇಲೆ ಒಬ್ಬರು ಹೇಳುತ್ತಿದ್ದರು. ಧಕ್ಕೆಯ ತುದಿಯಲ್ಲಿ ಕೆಂಪು ದೋಣಿಯವನು ಅವರಿಗೆ ಬೆನ್ನು ಮಾಡಿ, ಎಲ್ಲಿಂದಲೋ ತಂದ ಹೊಸ ಹಲಗೆಯೊಂದನ್ನು ಹೊತ್ತು ತನ್ನ ಶೆಡ್ಡಿನ ಕಡೆ ಹೋಗುತ್ತಿದ್ದ. ‘ಗಾಯ ನೋಡಿದ್ರಾ? ಮನುಷ್ಯ ಮಾಡೋ ಕೆಲ್ಸಾನಾ ಅದು?’ ಎಂದು ಗಂಟಲು ಆ ಬೆನ್ನಿಗೆ ಕೇಳುವಷ್ಟು ಜೋರಾಗಿ ಅಂದ. ಬೆನ್ನು ನಿಲ್ಲಲಿಲ್ಲ.

‘ಅದು ನಾನು ಮಾಡಿದ್ದು’ ಎಂದು ಅವನು ಹೇಳಿದ.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು, ಅಂಗಡಿಯಲ್ಲಿ ಸಾಮಾನು ಕೇಳಿ ಉತ್ತರ ಸಿಗದವನ ಹಾಗೆ. ಈ ಸಲ ಗಂಟಲು ತಿರುಗಿದ. ‘ಏನು ನೀನು ಮಾಡಿದ್ದು?’

‘ಗಾಯ. ನನ್ನ ಪ್ರೊಪೆಲರ್. ಅದು ಅಡಿಗೆ ಬಂದಿದ್ದು ಗೊತ್ತಿತ್ತು. ಗೊತ್ತಿದ್ದೇ ಹಗ್ಗ ಎಳೆದೆ.’

ಒಬ್ಬ ನಕ್ಕ, ಅದು ಹರಡಿತು, ಗಂಟಲು ಅವನ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡ. ‘ನೋಡಪ್ಪ, ನಿಂದು ಒಳ್ಳೆ ಮನಸ್ಸು. ಆ ಕೆಂಪು ದೋಣಿಯವನ ಮೇಲೆ ಕನಿಕರ ಬಂದಿದೆ, ತಪ್ಪಲ್ಲ. ಆದ್ರೆ ನಿನ್ನ ಕೈಯಲ್ಲಿ ಒಂದು ಇರುವೆ ಸಾಯಲ್ಲ. ಹೋಗು, ಮನೇಗ್ ಹೋಗು.’ ಅವನು ಗೆರೆಗಳ ಲೆಕ್ಕ ಹೇಳಿದ. ಮೂರು ರೆಕ್ಕೆ, ನಾಲ್ಕು ರೆಕ್ಕೆ, ಅಂತರ. ‘ಆ ಥರದ ಎಂಜಿನ್ನು ಇಲ್ಲಿ ಏಳು ದೋಣಿಗಿದೆ’ ಎಂದು ಯಾರೋ ಅಂದರು. ಹೊಡೆಯಬಹುದು, ಉಗಿಯಬಹುದು ಎಂದು ಎಣಿಸಿ ಅವನು ಮೈ ಗಟ್ಟಿ ಮಾಡಿಕೊಂಡು ಬಂದಿದ್ದ. ಹೀಗೆ ಬೆನ್ನು ತಟ್ಟಿಸಿಕೊಂಡು ನಿಲ್ಲಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ತಪ್ಪು ಮಾಡುವ ಯೋಗ್ಯತೆಯೂ ಇವರ ಲೆಕ್ಕದಲ್ಲಿ ತನಗಿಲ್ಲ. ಆ ನಗುವಿನೊಳಗೆ ಒಂದು ಕ್ಷಣ, ನಾಚಿಕೆಗೇಡಿನ ಒಂದು ಕ್ಷಣ, ಅವನಿಗೆ ನಿರಾಳವೂ ಆಯಿತು. ಹೇಳಿಯಾಯಿತು, ನಂಬದಿದ್ದರೆ ಅವರ ಪಾಡು ಅನ್ನಿಸಿತು. ಕಾಲು ಮನೆಯ ದಿಕ್ಕಿಗೆ ತಿರುಗಿಯೂ ಇತ್ತು.

‘ಅವನೇ ಮಾಡಿದ್ದು.’

ಮಾವ ದೋಣಿಯಿಂದ ಮೆಟ್ಟಿಲು ಹತ್ತಿ ಬಂದು, ಊರುಗೋಲಿಗೆ ಎರಡೂ ಕೈ ಊರಿ ನಿಂತಿದ್ದ. ಅವನ ಮುಖ ಯಾರ ಕಡೆಗೂ ಇರಲಿಲ್ಲ. ‘ನಾನು ಮುಂದೆ ಕೂತಿದ್ದೆ. ಅರವತ್ತು ವರ್ಷ ದೋಣೀಲಿ ಕೂತಿದೀನಿ, ಮರ ತಗಲಿದ್ದು ಯಾವುದು, ಮೈ ತಗಲಿದ್ದು ಯಾವುದು ಗೊತ್ತಾಗಲ್ವಾ? ಗೊತ್ತಿತ್ತು. ಮನೆ ಮಾತು ಹೊರಗೆ ಯಾಕೆ ಅಂತ ಸುಮ್ಮನಿದ್ದೆ. ಆ ಕೆಂಪು ದೋಣಿ ಹಲಗೆ ಸೀಳಿದ ದಿನಾನೂ ಸುಮ್ಮನಿದ್ದೆ. ಬೈಯೋದಿದ್ರೆ ನನಗೂ ಸೇರಿಸಿ ಬೈಯಿರಿ.’ ಆಮೇಲೆ ಅವನು ತಿರುಗಿದ, ಪೊರೆ ಕಟ್ಟಿದ ಆ ಕಣ್ಣುಗಳು ಅಳಿಯನ ಎದೆಯ ಮಟ್ಟದಲ್ಲಿ ಎಲ್ಲೋ ನಿಂತವು. ‘ಯಾಕೆ ಮಾಡ್ದೆ?’ ಎಂದು ನೇರವಾಗಿ, ಅವನನ್ನೇ ಕೇಳಿದ.

ಉತ್ತರ ಅವನ ಬಾಯಲ್ಲೇ ಇತ್ತು. ಹೇಳಿದರೆ ಇಡೀ ಧಕ್ಕೆ ಮತ್ತೆ ನಗುತ್ತಿತ್ತು. ನಗದಿದ್ದರೆ ಇನ್ನೂ ಕೆಟ್ಟದ್ದು. ‘ಹೊಟ್ಟೆಕಿಚ್ಚು’ ಎಂದಷ್ಟೇ ಹೇಳಿದ. ಯಾರೂ ನಗಲಿಲ್ಲ. ಗಂಟಲು ಅವನ ಹೆಗಲ ಮೇಲಿದ್ದ ಕೈಯನ್ನು ತೆಗೆದ, ತೆಗೆದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡ. ಗುಂಪು ಕರಗಿತು. ಒಬ್ಬಿಬ್ಬರು ಹೋಗುವಾಗ ಅವನ ಕಾಲ ಹತ್ತಿರ ಉಗಿದರು. ಮಾವ ‘ಹೊಟ್ಟೆಕಿಚ್ಚು’ ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡ, ಹಳೆಯ ಪದವೊಂದರ ಅರ್ಥ ನೆನಪಿಸಿಕೊಳ್ಳುವವನ ಹಾಗೆ. ಆಮೇಲೆ ಒಬ್ಬನೇ ಕೋಲು ಕುಟ್ಟುತ್ತ ಬೀದಿ ಹತ್ತಿದ.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿ ಹೆಂಡತಿಗೆ ಮುಟ್ಟಿತ್ತು. ಅವಳು ಅಳಲಿಲ್ಲ. ‘ಇಪ್ಪತ್ತೆರಡು ದಿನ ಪಕ್ಕದಲ್ಲೇ ಮಲಗಿದ್ರಿ’ ಎಂದಳು. ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋದಳು, ತುಂಬಿ ತಂದಳು, ಮತ್ತೆ ಖಾಲಿ ಬಿಂದಿಗೆ ಹುಡುಕಿದಳು.

ಮಧ್ಯಾಹ್ನದ ಬಿಸಿಲಲ್ಲಿ ಅವನು ಕೆಂಪು ದೋಣಿಯವನ ಶೆಡ್ಡಿಗೆ ಹೋದ. ತಗಡಿನ ಮಾಡು, ಕೆಳಗೆ ಮಗುಚಿ ಹಾಕಿದ ದೋಣಿ, ಸೀಳಿದ ಹಲಗೆಯನ್ನು ಕಿತ್ತ ಜಾಗದಿಂದ ಬೆಳಕು ಪಟ್ಟಿಯಾಗಿ ಒಳಗೆ ಇಳಿದಿತ್ತು, ಆ ಪಟ್ಟಿಯಲ್ಲಿ ಮರದ ಹುಡಿ ಕೆಳಗೂ ಬೀಳದೆ ಮೇಲೂ ಹೋಗದೆ ತೇಲುತ್ತಿತ್ತು. ಕೆಂಪು ದೋಣಿಯವನು ಹೊಸ ಹಲಗೆಯ ಅಂಚನ್ನು ಕೀಸುತ್ತಿದ್ದ. ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

‘ನಿಂಗೊಂದು ವಿಷ್ಯ ಗೊತ್ತಾ?’ ಎಂದು ಕೆಂಪು ದೋಣಿಯವನೇ ಶುರು ಮಾಡಿದ, ಹಲಗೆಗೆ ಹೇಳುವ ಹಾಗೆ. ‘ಮೊದಲೆರಡು ದಿನ ಸಿಟ್ಟು ಬಂತು. ನಾನಲ್ಲ ಅಂತ ಗೊತ್ತಿತ್ತಲ್ಲ. ಮೂರನೇ ದಿನ ಅನುಮಾನ ಶುರುವಾಯ್ತು. ನಾನೇ ಇರಬಹುದಾ ಅಂತ. ಹಿಂದೆ ಮುಂದೆ ನೋಡದೆ ಓಡಿಸೋನು ನಾನು. ಯಾವತ್ತಾದ್ರೂ ತಗಲಿಸಿ, ತಿಳೀದೇ ಬಂದಿರಬಹುದಾ ಅಂತ. ಪ್ರೊಪೆಲರ್ ಬಿಚ್ಚಿ ನೋಡ್ದೆ. ಏನೂ ಇರ್ಲಿಲ್ಲ. ಆದ್ರೂ ಹೋಗ್ಲಿಲ್ಲ ಅದು. ಎಲ್ಲರೂ ಹೇಳ್ತಾರೆ ಅಂದ್ಮೇಲೆ ಇರಬೇಕು ಅನ್ನಿಸಿಬಿಡ್ತು. ಆಮೇಲೆ ದಿನಾ ದಿಬ್ಬದ ತುದೀಗೆ ಹೋಗಿ ನೀರು ನೋಡ್ಕೊಂಡು, ತಪ್ಪಾಯ್ತು ಕಣೋ, ತಪ್ಪಾಯ್ತು ಅಂತಿದ್ದೆ. ನಾನು. ಬಲೆ ಹರಿದಿದ್ದಕ್ಕೆ ಬೈದೋನು.’

ಕೀಸುವುದು ನಿಂತಿತು. ಕೆಂಪು ದೋಣಿಯವನು ಮೊದಲ ಸಲ ತಲೆಯೆತ್ತಿದ. ಅವನ ರೆಪ್ಪೆಗಳ ಮೇಲೆಲ್ಲ ಮರದ ಹುಡಿ. ‘ಈಗ ನಾನಲ್ಲ ಅಂತಾಯ್ತು. ಸರಿ. ಅಷ್ಟು ದಿನ ನಾನು ಕೇಳಿದ ತಪ್ಪಾಯ್ತನ್ನೆಲ್ಲ ಏನ್ ಮಾಡ್ಲಿ ಹೇಳು?’

ಅವನು ಬಂದದ್ದು ಕ್ಷಮೆ ಕೇಳಲೆಂದು, ಅದನ್ನು ಇನ್ನೊಬ್ಬ ಆಗಲೇ ತನ್ನ ಬದಲು ಕೇಳಿ ಮುಗಿಸಿದ್ದ.

‘ನೀನೇ ಇಟ್ಕೋ’ ಎಂದ ಕೆಂಪು ದೋಣಿಯವನು. ಹಲಗೆಯನ್ನು ಎತ್ತಿ ದೋಣಿಯ ಮೈಗೆ ಆನಿಸಿ, ಗಲ್ಲದಿಂದ ಇನ್ನೊಂದು ತುದಿ ತೋರಿಸಿದ. ‘ಆ ಕಡೆ ಹಿಡಿ. ಹಾಗಲ್ಲ, ಇನ್ನೂ ಒಂಚೂರು ಮೇಲೆ.’ ಅವನು ಒಂಚೂರು ಮೇಲೆ ಹಿಡಿದ. ಕೆಂಪು ದೋಣಿಯವನು ನಾಲ್ಕು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರಿಂದ, ಆಮೇಲೆ ಸಂಜೆಯವರೆಗೂ ಅವರ ನಡುವೆ ಮಾತು ನಡೆಯಲಿಲ್ಲ.